ಬೊಟ್ಟು ಇಡುವ ಗಾಜು

ನಿನ್ನೆ ಬೆಳಿಗ್ಗೆಯಿಂದ ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಲ್ಲಿಯಲ್ಲಿ ನೀರು ಬಂದಾಗ ಡ್ರಮ್ಮು, ಕೊಡ, ಅಮ್ಮನ ತಾಮ್ರದ ಚೊಂಬು ಎಲ್ಲ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಈಳಿಗೆಮಣೆಯ ಅಲಗಿಗೆ ಹುಣಸೆಹಣ್ಣು ತಿಕ್ಕಿದೆ. ಹೊಲಿಗೆ ಮಷೀನಿನ ಹೊಟ್ಟೆಯೊಳಗಿಂದ ದಾರದ ಜುಂಗು ಕಿತ್ತು ಎಣ್ಣೆ ಬಿಟ್ಟೆ. ಕತ್ತರಿ, ಸುತ್ತಿಗೆ, ಅಪ್ಪನ ಕಾಲದ ಒಂದು ಸ್ಪ್ಯಾನರು ಒರೆಸಿ ಮಣೆಯ ಮೇಲಿಟ್ಟೆ. ಹಲಸೂರು ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಒಂದು ಪುಟ್ಟ ಬೂದುಗುಂಬಳಕಾಯಿ, ಕಡ್ಲೆಪುರಿ ತಂದೆ. ಬರುವಾಗ ಪಕ್ಕದ ಬೀದಿಯ ಸೈಕಲ್ ಅಂಗಡಿಯವರು ಕರೆದು ಇನ್ನೊಂದು ಪೊಟ್ಟಣ ಪುರಿ ಕೊಟ್ಟರು. ಆಯುಧಪೂಜೆಯ ದಿನ ಈ ಊರಿನಲ್ಲಿ ದುಡ್ಡು ಕೊಟ್ಟು ಕಡ್ಲೆಪುರಿ ತರುವವಳು ನಾನೊಬ್ಬಳೇ ಇರಬೇಕು. ಎಲ್ಲ ಆದಮೇಲೆ ಕುರ್ಚಿ ಹತ್ತಿ ಬೀರುವಿನ ಮೇಲಿಂದ ಕ್ಯಾಮೆರಾ ಚೀಲ ಇಳಿಸಿದೆ.

ಆ ಚೀಲದ ಜಿಪ್ಪು ಎಳೆದಾಗ ಬರುವ ವಾಸನೆಯನ್ನು ನಿಮಗೆ ಹೇಗೆ ಹೇಳಲಿ. ಅತ್ತರು, ಕರ್ಪೂರ, ಬಿರಿಯಾನಿಯ ಒಂದು ಎಳೆ, ಅದರ ಕೆಳಗೆ ಹಳೇ ಚರ್ಮ. ಎಷ್ಟೋ ಜನರ ಮದುವೆ ಆ ಒಂದು ಚೀಲದಲ್ಲಿ ಕೂತಿದೆ. ನಾನು ಮೂಗು ಹತ್ತಿರ ಹಿಡಿದು ನಿಂತಿದ್ದನ್ನು ನೋಡಿ, ಗಂಧ ತೇಯುತ್ತಿದ್ದ ಅಮ್ಮ ಕೇಳಿದಳು:

“ಅದ್ರಲ್ಲೇನ್ ಸಾರು ಕಾಯ್ತಾ ಇದ್ಯಾ, ಹಂಗ್ ಮೂಸ್ತಾ ಇದ್ದೀಯ?”

ಕ್ಯಾಮೆರಾ ನಮ್ಮ ಮನೆಯಲ್ಲಿ ಇರುವುದು ಇನ್ನೊಂದೇ ದಿನ. ಮಾರನೆಯ ದಿನ, ಅಂದರೆ ವಿಜಯದಶಮಿಗೆ, ಅದನ್ನು ತೆಗೆದುಕೊಂಡು ಹೋಗಲು ಇಂದಿರಾನಗರದ ಒಬ್ಬ ಹುಡುಗಿ ಬರುತ್ತಾಳೆಂದು ಮಾತಾಗಿತ್ತು. ಮಹದೇವಪುರದ ಕಡೆ ಯಾವುದೋ ಆಫೀಸಿನಲ್ಲಿ ಅವಳಿಗೆ ಕೆಲಸ. ಎಲ್ಲರ ಫೋನಿನಲ್ಲೂ ಕ್ಯಾಮೆರಾ ಬಂದಿರುವ ಕಾಲದಲ್ಲಿ ಅವಳಿಗೆ ರೀಲು ಹಾಕಿ ಫೋಟೋ ತೆಗೆಯುವುದನ್ನು ಕಲಿಯುವ ಆಸೆ. ಹಿಂದಿನ ಭಾನುವಾರ ನೋಡಲು ಬಂದಿದ್ದಳು. ಕ್ಯಾಮೆರಾವನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಳು. ಅದು ನನಗೆ ಇಷ್ಟವಾಯಿತು. ಆಮೇಲೆ ಲೆನ್ಸಿನ ಮುಂದಿದ್ದ ಗಾಜನ್ನು ತಿರುಗಿಸಿ ಬಿಚ್ಚಿ, ನಮ್ಮ ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ನೋಡಿ, ನನ್ನ ಕೈಗೆ ಹಿಂದಕ್ಕೆ ಕೊಟ್ಟಳು.

“ಆಂಟಿ, ಇದು ನೀವೇ ಇಟ್ಕೊಳ್ಳಿ. ಒಂದು ಚಿಕ್ಕ ಗೀರು ಬಿಟ್ರೆ ಲೆನ್ಸ್ ತುಂಬಾ ಚೆನ್ನಾಗಿದೆ. ಈ ಫಿಲ್ಟರ್ ಮಾತ್ರ ಸ್ವಲ್ಪ ಚೀಪ್ ಕ್ವಾಲಿಟಿ. ಎದುರಿಗೆ ಲೈಟ್ ಬಂದ್ರೆ ಎಲ್ಲಾ ಮಬ್ಬಾಗ್ಬಿಡುತ್ತೆ.”

ಅವಳು ಹೇಳಿದ್ದು ಸರಿ. ಅದು ಚೀಪ್ ಎಂದು ನನಗೂ ಗೊತ್ತು. ಗೊತ್ತಿದ್ದೇ ತಂದದ್ದು. ಆ ಗಾಜನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿಟ್ಟೆ. ನಿನ್ನೆ ಪೂಜೆಗೆ ಕ್ಯಾಮೆರಾ ಇಡುವಾಗ ಅದನ್ನು ಹಾಕಲಿಲ್ಲ. ಮರೆತು ಅಲ್ಲ, ಬೇಕೆಂದೇ ಹಾಕಲಿಲ್ಲ. ಯಾಕೆ ಎನ್ನುವುದಕ್ಕೆ ನೀವು ಸ್ವಲ್ಪ ಹಿಂದಕ್ಕೆ ಬರಬೇಕು.

ನಮ್ಮ ತಾತನ ಕಾಲಕ್ಕೆ ಹಲಸೂರಿನಲ್ಲಿ ನಮಗೆ ಹೊಲವಿತ್ತು, ಎತ್ತಿತ್ತು. ಅಪ್ಪನ ಕಾಲಕ್ಕೆ ಹೊಲ ಹೋಗಿ, ವಿಮಾನಪುರದ ಕಾರ್ಖಾನೆಯ ಕೆಲಸ ಮತ್ತು ಒಂದು ಸೈಕಲ್ಲು ಬಂತು. ಆಯುಧಪೂಜೆಗೆ ಅಮ್ಮ ಎತ್ತಿನ ಜಾಗದಲ್ಲಿ ಸೈಕಲ್ಲನ್ನು ನಿಲ್ಲಿಸಿಕೊಂಡು, ಹ್ಯಾಂಡಲ್ಲಿಗೆ ಹೂವು ಸುತ್ತಿ, ಗಂಧ ಕುಂಕುಮ ಇಡುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತು, “ನಂಗೂ ಒಂದ್ ಹೂವ ಸುತ್ತೇ, ನಾನೂ ದುಡಿಯೋನೇ” ಎನ್ನುತ್ತಿದ್ದರು. ಅಪ್ಪ ಹೋದರು. ಸೈಕಲ್ಲನ್ನು ಚಿಕ್ಕಪ್ಪ ತೆಗೆದುಕೊಂಡು ಹೋದರು. ಮುಂದಿನ ಆಯುಧಪೂಜೆಗೆ ಮಣೆಯ ಮೇಲೆ ಇದ್ದದ್ದು ಈಳಿಗೆಮಣೆ, ಪೊರಕೆ ಮತ್ತು ಒಂದು ಸ್ಪ್ಯಾನರು. ಅಮ್ಮ ಅವಕ್ಕೇ ಆರತಿ ಎತ್ತಿದಳು. ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತು, “ನೀವ್ಯಾಕ್ರೀ ಕುಂಕುಮ ಮುಟ್ತೀರಾ, ಮಗಳ ಕೈಲಿ ಇಡಿಸ್ಬಾರ್ದಾ” ಎಂದರು. ಅಮ್ಮ ತಿರುಗಿಯೂ ನೋಡಲಿಲ್ಲ.

“ನಾನ್ಯಾರು ಅಂತ ಈಳಿಗೆಮಣೆಗೆ ಏನ್ರೀ ಗೊತ್ತು” ಎಂದಳು.

ಅಪ್ಪ ಹೋದಮೇಲೆ ಅಮ್ಮ ತನ್ನ ಹಣೆಗೆ ಕುಂಕುಮ ಇಟ್ಟುಕೊಂಡದ್ದಿಲ್ಲ. ದೇವರ ಗೂಡಿನ ಕುಂಕುಮದ ಭರಣಿಯ ಉಸ್ತುವಾರಿಯನ್ನೂ ನನಗೇ ಬಿಟ್ಟಳು. ಅವಳು ಕುಂಕುಮ ಮುಟ್ಟುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಯ ದಿನ.

ನಾನು ಆಗ ಬಜಾರ್ ಬೀದಿಯ ರಾಮಣ್ಣನವರ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸಕ್ಕಿದ್ದೆ. ಫೋಟೋ ತೆಗೆಯುವುದನ್ನು ನೋಡಿ ನೋಡಿಯೇ ಕಲಿತೆ. ಒಂದು ದಿನ ಶಿವಾಜಿನಗರದಿಂದ ಒಬ್ಬರು ಬಂದು, ಮಗಳ ಮದುವೆ, ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬೇಡ, ಯಾರಾದರೂ ಹೆಂಗಸರಿದ್ದರೆ ಕಳಿಸಿ ಎಂದರು. ರಾಮಣ್ಣ ಅಂಗಡಿಯ ಸುತ್ತ ಕಣ್ಣಾಡಿಸಿದರು. ಹೆಂಗಸು ಎಂದು ಅಲ್ಲಿದ್ದವಳು ನಾನೊಬ್ಬಳೇ.

ಹಾಗೆ ಶುರುವಾಯಿತು. ಕಲ್ಯಾಣಮಂಟಪದ ನಡುವೆ ಪರದೆ ಎಳೆದಿರುತ್ತಿದ್ದರು. ಆ ಕಡೆ ಗಂಡಸರು, ಈ ಕಡೆ ಬಣ್ಣದ ಸಮುದ್ರ, ಮತ್ತು ಅದರಲ್ಲಿ ನಾನು. ‘ಫೋಟೋವಾಲಿ ಆಪಾ’, ಅಂದರೆ ಫೋಟೋದ ಅಕ್ಕ, ಎಂದು ಹೆಸರಾಯಿತು. ಕಂಟೋನ್ಮೆಂಟಿನ ತಮಿಳರ ಮನೆಗಳಲ್ಲಿ ಮೈನೆರೆದ ಹೆಣ್ಣುಮಕ್ಕಳ ಆರತಿಗೆ, ಕೆ.ಆರ್. ಪುರದ ನಮ್ಮವರ ಮನೆಗಳಲ್ಲಿ ಸೀಮಂತಕ್ಕೆ ಕರೆ ಬರತೊಡಗಿತು. ಸ್ವಂತಕ್ಕೆ ಒಂದು ಹಳೇ ಕ್ಯಾಮೆರಾ ಕೊಂಡೆ. ಅದು ಮನೆಗೆ ಬಂದ ದಿನ ಅಮ್ಮ ದಸರಾ ಯಾವಾಗ ಎಂದು ಕ್ಯಾಲೆಂಡರ್ ನೋಡಿದಳು.

ಆ ವರ್ಷದ ಆಯುಧಪೂಜೆಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಕ್ಯಾಮೆರಾ ಮಣೆಯ ಮೇಲೆ, ಎತ್ತು ಕೂತಂತೆ ಕೂತಿತ್ತು. ಕೊರಳಿಗೆ ಸೇವಂತಿಗೆ. ಲೆನ್ಸಿನ ಗಾಜಿನ ಸರಿಯಾಗಿ ನಡುವೆ, ಗಂಧ, ಅದರ ಮೇಲೆ ಕುಂಕುಮ, ಒಂದು ರೂಪಾಯಿಯಷ್ಟಗಲದ ಬೊಟ್ಟು.

ಪನ್ನೀರು ಬಿದ್ದಿದ್ದರೆ, ಮಗುವಿನ ಬೆರಳು ತಾಗಿದ್ದರೆ ಒರೆಸಿಬಿಡಬಹುದಿತ್ತು. ಇದು ತೇಯ್ದ ಗಂಧ, ಅದರಲ್ಲಿ ಸಾಣೆಕಲ್ಲಿನ ಪುಡಿಯೂ ಇರುತ್ತದೆ.

“ಅಮ್ಮಾ, ಗಾಜಿಗ್ಯಾಕಮ್ಮ ಇಟ್ಟೆ? ಮೇಲ್ಗಡೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?”

“ಎತ್ತಿಗೆ ಬೊಟ್ಟು ಹಣೆಗಿಡ್ತಾರೋ, ಬಾಲಕ್ಕಿಡ್ತಾರೋ?”

“ಇದು ಎತ್ತಲ್ಲಮ್ಮ.”

“ದುಡಿಯೋದು ಯಾವ್ದು ಹೇಳು. ಗಾಜು ತಾನೆ? ಹಂಗಾದ್ರೆ ಅದಕ್ಕೇ. ಸಂಜೆ ದೀಪ ಹಚ್ಚೋವರ್ಗೂ ಒರೆಸ್ಬೇಡ.”

ಸಂಜೆಯವರೆಗೆ ಒಣಗಿದ ಗಂಧ ಸುಮ್ಮನೆ ಬರಲಿಲ್ಲ. ಒದ್ದೆ ಹತ್ತಿಯಲ್ಲಿ ಎಷ್ಟು ಮೆತ್ತಗೆ ತೆಗೆದರೂ ಕೂದಲೆಳೆಯಂಥ ಒಂದು ಗೀರು ಉಳಿಯಿತು. ಇಂದಿರಾನಗರದ ಹುಡುಗಿ ಕಂಡದ್ದು ಅದನ್ನೇ. ಅಮ್ಮನಿಗೆ ಹೇಳಲಿಲ್ಲ. ಆ ಮಧ್ಯಾಹ್ನ ಅವಳು ಊಟಕ್ಕೆ ಕೂತವಳು ಎರಡು ಸಲ ಎದ್ದು ಹೋಗಿ ಮಣೆಯನ್ನು ನೋಡಿ ಬಂದಿದ್ದಳು. ಮನೆಯಲ್ಲಿ ಮತ್ತೆ ದುಡಿಯುವ ಒಂದು ವಸ್ತು ಬಂದಿದೆ, ಅದಕ್ಕೆ ತಾನು ಬೊಟ್ಟಿಟ್ಟಿದ್ದೇನೆ. ಅದನ್ನು ಬೇಡ ಎನ್ನುವುದು ಹೇಗೆ? ಬೇಡ ಎನ್ನದಿದ್ದರೆ ಮೂರ್ನಾಲ್ಕು ದಸರೆಗೆ ಲೆನ್ಸು ಮುಗಿಯುತ್ತದೆ. ಲೆನ್ಸು ಮುಗಿದರೆ ನಮ್ಮ ಅನ್ನವೂ ಮುಗಿದಂತೆ.

ಮುಂದಿನ ದಸರೆ ಹತ್ತಿರ ಬಂದಾಗ ಶಿವಾಜಿನಗರದ ಅನ್ವರ್ ಭಾಯ್ ಅಂಗಡಿಗೆ ಹೋದೆ. ಕ್ಯಾಮೆರಾ ರಿಪೇರಿ, ಬ್ಯಾಟರಿ, ರೀಲು, ಹಳೇ ಫ್ಲಾಷು, ಎಲ್ಲ ಅಲ್ಲೇ. ಮಾತಿಗೊಂದು ಚುಚ್ಚು ಇಲ್ಲದೆ ಅವರು ಸಾಮಾನು ಕೊಡುತ್ತಿರಲಿಲ್ಲ.

“ಬನ್ನಿ ಮೇಡಂ. ಇವತ್ತು ಏನು ಸಸ್ತಾ ಬೇಕು?”

“ಲೆನ್ಸಿನ ಮುಂದೆ ಹಾಕೋ ಗಾಜು ಬೇಕು ಭಾಯ್. ಐವತ್ತೆರಡು ಸೈಜು. ಇದ್ದದ್ರಲ್ಲೇ ಕಮ್ಮಿದು.”

ಈ ಗಾಜಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲೆನ್ಸಿನ ಮುಂದೆ ಬಳೆಯಂತೆ ತಿರುಗಿಸಿ ಕೂರಿಸುವ ಬಣ್ಣವಿಲ್ಲದ ಗಾಜು ಅದು. ಫಿಲ್ಟರ್ ಎಂದು ಹೆಸರು. ಅದರಿಂದ ಫೋಟೋ ಚೆನ್ನಾಗಿ ಬರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಅದರ ಕೆಲಸ ಒಂದೇ, ಲೆನ್ಸಿಗೆ ಬೀಳಬೇಕಾದ ಪೆಟ್ಟನ್ನು ತಾನು ತಿನ್ನುವುದು. ಆದ್ದರಿಂದ ತೀರಾ ದುಬಾರಿಯದು ತಂದರೆ ಪೆಟ್ಟು ಬಿದ್ದಾಗ ನಮಗೇ ನೋವು, ತೀರಾ ಅಗ್ಗದ್ದು ತಂದರೆ ಪೆಟ್ಟು ಬೀಳುವ ಮೊದಲೇ ಫೋಟೋಕ್ಕೆ ನೋವು. ನಡುವಿನದನ್ನು ಹುಡುಕುವುದಕ್ಕೆ ನಾವು ಕೆಲವು ಪರೀಕ್ಷೆ ಇಟ್ಟುಕೊಂಡಿದ್ದೆವು. ಬಿಳಿ ಕಾಗದದ ಮೇಲಿಟ್ಟು ನೋಡಬೇಕು, ಹಳದಿ ಛಾಯೆ ಇದ್ದರೆ ಬೇಡ. ಅಕ್ಷರದ ಮೇಲೆ ಓರೆಯಾಗಿ ಹಿಡಿದಾಗ ಸಾಲು ಅಲುಗಾಡಿದಂತೆ ಕಂಡರೆ ಬೇಡ. ಬಳೆ ದಪ್ಪಗಿದ್ದರೆ ಅಗಲದ ಗುಂಪುಫೋಟೋದಲ್ಲಿ ಮೂಲೆಯಲ್ಲಿ ನಿಂತ ಅತ್ತೆಯಂದಿರು ಕಪ್ಪಾಗುತ್ತಾರೆ. ಬಳೆಯನ್ನು ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಕೂತಿತು ಎನಿಸಿದ ಮೇಲೆ ಮುಂದಕ್ಕೆ ತಿರುಗಿಸಬೇಕು. ಒಂದೇ ಬೆರಳಿಗೆ ತಿರುಗಬೇಕು. ಹಿತ್ತಾಳೆಯ ಬಳೆ ಒಳ್ಳೆಯದು, ಅಲ್ಯುಮಿನಿಯಂ ಕಚ್ಚಿಕೊಳ್ಳುತ್ತದೆ.

ಕೊನೆಯ ಪರೀಕ್ಷೆಯೇ ಮುಖ್ಯ. ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಬೇಕು. ನೇರಳೆಯೋ ಹಸಿರೋ ಆಗಿ ಮಂಕಾಗಿ ಕಂಡರೆ ಗಾಜಿಗೆ ಒಳ್ಳೇ ಲೇಪ ಇದೆ ಎಂದರ್ಥ. ಟ್ಯೂಬ್‌ಲೈಟು ಟ್ಯೂಬ್‌ಲೈಟಿನ ಹಾಗೇ ಬೆಳ್ಳಗೆ ಹೊಳೆದರೆ ಅದು ಬರೀ ಕಿಟಕಿ ಗಾಜು. ಅನ್ವರ್ ಭಾಯ್ ಅದನ್ನು ಇನ್ನೂ ಸುಲಭವಾಗಿ ಹೇಳುತ್ತಿದ್ದರು: “ಮುಖ ಕಂಡ್ರೆ ತಗೋಬೇಡಿ ಮೇಡಂ. ಮುಖ ಕಾಣೋದು ಕನ್ನಡಿಯಲ್ಲಿ, ಫಿಲ್ಟರ್‌ನಲ್ಲಿ ಅಲ್ಲ.”

ಅವತ್ತು ಅವರು ಮೂರು ಗಾಜುಗಳನ್ನು ಸಾಲಾಗಿ ಇಟ್ಟರು. ನಾನು ಕಾಗದ ಕೇಳಿದೆ, ಅಕ್ಷರ ನೋಡಿದೆ, ತಿರುಗಿಸಿದೆ, ಟ್ಯೂಬ್‌ಲೈಟಿನ ಕೆಳಗೆ ಕತ್ತು ಓರೆ ಮಾಡಿದೆ. ಬಹಳ ಹೊತ್ತು ನೋಡಿ ಕೊನೆಗೆ ಅವರೇ ಕೇಳಿದರು:

“ಯಾವ ಶಾದಿಗೆ ಇಷ್ಟು ತಯಾರಿ?”

“ಶಾದಿಗಲ್ಲ. ನಮ್ಮಮ್ಮ ಆಯುಧಪೂಜೆಗೆ ಗಾಜಿಗೆ ಕುಂಕುಮ ಇಡ್ತಾರೆ. ಆವತ್ತೊಂದು ದಿನ ಹಾಕೋದಕ್ಕೆ.”

ಅವರು ಕನ್ನಡಕವನ್ನು ಹಣೆಗೇರಿಸಿದರು.

“ಕುಂಕುಮ ಇಡೋಕೆ ಇಷ್ಟೆಲ್ಲಾ ಚೆಕ್ ಮಾಡ್ತಿದ್ದೀರಾ? ಕುಂಕುಮಕ್ಕೆ ಫೋಕಸ್ ಬೇಕಾ?”

ನನಗೂ ನಗು ಬಂತು. ಆಗಲೇ ಅವರು ಮೇಜಿನ ಕೆಳಗಿನ ಡಬ್ಬಿಯಿಂದ ನಾಲ್ಕನೆಯದೊಂದನ್ನು ತೆಗೆದರು. ಕಾಗದದ ಮೇಲೆ ಪಾಸು, ಅಕ್ಷರದಲ್ಲಿ ಪಾಸು, ಬಳೆ ಅಲ್ಯುಮಿನಿಯಂ, ಟ್ಯೂಬ್‌ಲೈಟಿನಲ್ಲಿ ಪೂರಾ ಫೇಲು. ಕಪ್ಪು ಬಟ್ಟೆಯ ಮೇಲಿಟ್ಟರೆ ನನ್ನ ಮುಖ, ಹಿಂದಿನ ಪಂಖಾ, ಎಲ್ಲ ಕಾಣುತ್ತಿತ್ತು. “ಇದು ತಗೊಂಡ್ಹೋಗಿ. ನಿಮ್ಮ ಅಮ್ಮಾಜಾನ್‌ಗೆ ಇದು ಸಾಕು” ಎಂದರು. ನಾಲ್ಕರಲ್ಲಿ ಅಗ್ಗದ್ದು ಅದೇ. ತೆಗೆದುಕೊಂಡೆ.

ಹೀಗೆ ನಮ್ಮ ಮನೆಯಲ್ಲಿ ಒಂದು ಗುಟ್ಟು ಶುರುವಾಯಿತು. ಪ್ರತಿ ಆಯುಧಪೂಜೆಯ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಗಾಜನ್ನು ಕೂರಿಸಿಬಿಡುತ್ತಿದ್ದೆ. ಅವಳು ಬಂದು ಬೊಟ್ಟಿಡುತ್ತಿದ್ದಳು. ಮೊದಲ ವರ್ಷದಂತೆ ನಟ್ಟ ನಡುವೆ ಅಲ್ಲ, ನಡುವಿನಿಂದ ಒಂದಿಷ್ಟು ಮೇಲಕ್ಕೆ, ಚಿಕ್ಕದಾಗಿ, ದುಂಡಗೆ. ಪ್ರತಿ ವರ್ಷವೂ ಹಾಗೇ. ಅವಳ ಕಣ್ಣು ಮಂಜಾಗುತ್ತಿದೆ, ಅಂದಾಜು ತಪ್ಪುತ್ತಿದೆ ಎಂದುಕೊಂಡೆ. ಆಮೇಲೆ ಪೊರೆಯ ಆಪರೇಷನ್ ಆಗಿ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಬಂತು. ಬೊಟ್ಟು ಮಾತ್ರ ಮೇಲೆಯೇ ಉಳಿಯಿತು.

ಒಂದು ವರ್ಷ ಗಂಧ ಬಳೆಯ ಥ್ರೆಡ್ಡಿನೊಳಗೆ ಇಳಿದು ಗಾಜು ಕಚ್ಚಿಕೊಂಡಿತು. ಮಾರನೆಯ ದಿನ ಟ್ಯಾನರಿ ರಸ್ತೆಯ ಕಡೆ ಒಂದು ನಿಶ್ಚಿತಾರ್ಥ. ಎಷ್ಟು ತಿರುಗಿಸಿದರೂ ಅಲುಗಲಿಲ್ಲ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಉಪ್ಪಿನಕಾಯಿ ಬಾಟಲಿ ನೆನಪಾಗಿ, ಕುಕ್ಕರಿನ ಗ್ಯಾಸ್ಕೆಟ್ಟನ್ನು ಬಳೆಗೆ ಸುತ್ತಿ ಹಿಡಿದು ತಿರುಗಿಸಿದೆ. ಬಂತು. ಗ್ಯಾಸ್ಕೆಟ್ಟನ್ನು ತೊಳೆದೆ ಎಂದುಕೊಂಡು ಮುಚ್ಚಳಕ್ಕೆ ಹಾಕಿಟ್ಟೆ. ರಾತ್ರಿ ಬೇಳೆ ಇಡಲು ಹೋದ ಅಮ್ಮ ಅಡುಗೆಮನೆಯಿಂದಲೇ ಕೇಳಿದಳು:

“ಗ್ಯಾಸ್ಕೆಟ್‌ಗೂ ಪೂಜೆ ಮಾಡ್ದೇನೇ ಈ ಸಲ?”

“ದುಡಿಯೋದು ಅದೇ ಅಲ್ವಾ” ಎಂದೆ.

“ಹೂಂ, ಸರಿ” ಎಂದಳು. ಮಾತು ಅಲ್ಲಿಗೆ ನಿಂತಿತು. ನಾನು ಗೆದ್ದೆ ಎಂದುಕೊಂಡೆ.

ಇಷ್ಟಾದ ಮೇಲೆ ಅನಿಸಿತು, ಒಂದು ದಿನಕ್ಕಾಗಿ ತಂದ ಗಾಜನ್ನು ಉಳಿದ ದಿನ ಡಬ್ಬಿಯಲ್ಲಿ ಯಾಕಿಡಬೇಕು? ಕೆಲಸದಲ್ಲಿ ಪೆಟ್ಟು ಬೀಳುವುದೇನು ಕಡಿಮೆಯೇ? ಮದುವಣಗಿತ್ತಿಯ ಮೇಲೆ ಎರಚಿದ ಪನ್ನೀರಿನಲ್ಲಿ ಅರ್ಧ ನನ್ನ ಲೆನ್ಸಿಗೆ. ಅಕ್ಷತೆ ಹಾಕುವವರ ಗುರಿ ದಂಪತಿಗಳಿಗಿಂತ ಫೋಟೋದವಳ ಮೇಲೇ ಹೆಚ್ಚು. ಜಾಮೂನು ಹಿಡಿದ ಮಗುವೊಂದು ಲೆನ್ಸಿನಲ್ಲಿ ಏನೋ ಕಂಡು ಕೈಯಿಟ್ಟೇ ಇಡುತ್ತದೆ. ಗಾಜು ಎಲ್ಲವನ್ನೂ ತಿಂದಿತು. ಆಯುಧಪೂಜೆಯ ಹಿಂದಿನ ದಿನ ಬಿಚ್ಚಿ ತೊಳೆದು, ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಮತ್ತೆ ಕೂರಿಸುತ್ತಿದ್ದೆ. ಎದುರು ಬೆಳಕು ಬೀಳದಂತೆ ನಾನೇ ಪಕ್ಕಕ್ಕೆ ಸರಿದು ನಿಲ್ಲುವುದನ್ನು ಕಲಿತೆ. ಪಕ್ಕಕ್ಕೆ ಸರಿದು ನಿಲ್ಲುವುದು ನನಗೆ ಹೊಸದೂ ಅಲ್ಲ.

ಅದನ್ನು ಹೇಳಿಯೇಬಿಡುತ್ತೇನೆ. ಅಷ್ಟು ಮದುವೆಗಳಲ್ಲಿ ನಾನು ಇದ್ದೆ, ಯಾವ ಆಲ್ಬಮ್ಮಿನಲ್ಲೂ ನಾನಿಲ್ಲ. ನನ್ನ ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಅಮ್ಮನನ್ನು ಜೊತೆಗೆ ಇಟ್ಟುಕೊಳ್ಳುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ, ಬಿಟ್ಟು ಹೋಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ಅದರ ಬಗ್ಗೆ ದೊಡ್ಡ ದುಃಖವೇನಿಲ್ಲ. ಆದರೆ ಮಂಟಪದಲ್ಲಿ ಎಲ್ಲರೂ ಗುಂಪು ಕಟ್ಟಿ ನಿಂತು, “ಆಪಾ, ಜಲ್ದಿ ತೆಗಿರಿ” ಎಂದು ನಗುವಾಗ, ಆ ನಗು ನನಗಲ್ಲ, ನನ್ನ ಕೈಯಲ್ಲಿರುವುದಕ್ಕೆ ಎಂದು ಗೊತ್ತಿರುತ್ತದಲ್ಲ, ಅಷ್ಟೇ. ಕೊನೆಯ ಪಂಕ್ತಿಯಲ್ಲಿ ಅಡುಗೆಯವರ ಜೊತೆ ಊಟ. ಆದರೂ ಕರೆಯುತ್ತಿದ್ದರು. ಕ್ಯಾಮೆರಾ ಇತ್ತು, ಅದಕ್ಕೆ ಕರೆಯುತ್ತಿದ್ದರು.

ಆಮೇಲೆ ಅವರವರ ಮನೆಯ ಹುಡುಗಿಯರ ಕೈಗೇ ಪುಟ್ಟ ಪುಟ್ಟ ಡಿಜಿಟಲ್ ಕ್ಯಾಮೆರಾ ಬಂತು. ಪರದೆಯ ಈಚೆಗೆ ಬರಲು ನನ್ನಂಥ ಹೊರಗಿನವಳು ಬೇಕಾಗಲಿಲ್ಲ. ರಾಮಣ್ಣ ಸ್ಟುಡಿಯೋ ಮುಚ್ಚಿ ಮಗಳ ಮನೆಗೆ ಹೋದರು. ಅನ್ವರ್ ಭಾಯ್ ಅಂಗಡಿಯಲ್ಲಿ ಈಗ ಫೋನಿನ ಕವರುಗಳು ತೂಗುತ್ತಿವೆ. ನಾನು ಸೀರೆಗೆ ಫಾಲ್ಸ್ ಹಾಕುತ್ತೇನೆ. ಕೆಲಸ ಮನೆಗೇ ಬರುತ್ತದೆ, ಕೊಟ್ಟವರು ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ. ಹೊರಗೆ ಹೋಗಲು ಒಂದು ನೆಪ ಇಲ್ಲದಿರುವುದು ಎಂಥದ್ದು ಎಂದು ಈ ಎರಡು ಮೂರು ವರ್ಷದಲ್ಲಿ ತಿಳಿದಿದೆ. ಕೆಲವು ಮಧ್ಯಾಹ್ನ ಸುಮ್ಮನೆ ಕ್ಯಾಮೆರಾ ಇಳಿಸಿ, ರೀಲಿಲ್ಲದೆ ಒಂದು ಸಲ ಕ್ಲಿಕ್ ಎನ್ನಿಸಿ ಇಡುತ್ತಿದ್ದೆ. ಬಳಸದೆ ಇಟ್ಟರೆ ಲೆನ್ಸಿಗೆ ಬೂಸಲು ಹಿಡಿಯುತ್ತದೆ. ಹಿಡಿಯುವ ಮೊದಲು ಯಾರಾದರೂ ಬಳಸುವವರಿಗೆ ಹೋಗಲಿ ಎಂದು ಕೊನೆಗೆ ಮನಸ್ಸು ಗಟ್ಟಿ ಮಾಡಿದೆ. ಗಟ್ಟಿಯಾಗಿತ್ತೋ ಇಲ್ಲವೋ, ಮಾಡಿದೆ.

ನಾನೂ ಅಮ್ಮನೂ ಜೊತೆಗಿರುವ ಫೋಟೋ ಮನೆಯಲ್ಲಿ ಒಂದೇ ಇದೆ. ಯಾವುದೋ ಆಯುಧಪೂಜೆಯ ದಿನ ರೀಲಿನಲ್ಲಿ ಒಂದು ಉಳಿದಿತ್ತು. ಕ್ಯಾಮೆರಾವನ್ನು ಹೊಲಿಗೆ ಮಷೀನಿನ ಮೇಲಿಟ್ಟು, ಟೈಮರ್ ಒತ್ತಿ ಓಡಿ ಬಂದು ಪಕ್ಕದಲ್ಲಿ ಕೂತೆ. ಎಲ್ಲಿ ನೋಡಬೇಕು ಎಂದು ಅಮ್ಮ ಕೇಳುತ್ತಿರುವಾಗಲೇ ಕ್ಲಿಕ್ ಎಂದಿತು. ಅವಳು ನನ್ನನ್ನು ನೋಡುತ್ತಿದ್ದಾಳೆ, ನಾನು ಕ್ಯಾಮೆರಾವನ್ನು. ದೀಪ ಹಚ್ಚುವವರೆಗೆ ಒರೆಸುವಂತಿಲ್ಲವಲ್ಲ, ಬೊಟ್ಟು ಗಾಜಿನ ಮೇಲೇ ಇತ್ತು. ಅಷ್ಟು ಹತ್ತಿರದ ಬೊಟ್ಟು ಫೋಟೋದಲ್ಲಿ ಬೊಟ್ಟಾಗಿ ಕಾಣುವುದಿಲ್ಲ. ಇಡೀ ಚಿತ್ರದ ಮೇಲೆ ತೆಳ್ಳಗೆ ಕೆಂಪು ಮಂಜೊಂದು ಹರಡುತ್ತದೆ. ರಾಮಣ್ಣ ಪ್ರಿಂಟ್ ಕೊಡುವಾಗ, “ಇದು ಹಾಳಾಗಿದೆ ಕಣಮ್ಮ, ದುಡ್ಡು ಬೇಡ” ಎಂದಿದ್ದರು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ.

ಗಾಜನ್ನು ಯಾಕೆ ಹಾಕಲಿಲ್ಲವೆಂದರೆ, ಮೊದಲ ಸಲ ಬಿಟ್ಟರೆ ಇಷ್ಟು ವರ್ಷ ಅಮ್ಮನ ಬೊಟ್ಟು ದುಡಿಯುವ ಗಾಜನ್ನು ಮುಟ್ಟಲೇ ಇಲ್ಲವಲ್ಲ ಎನ್ನುವುದು ನನ್ನ ಮನಸ್ಸಿನಲ್ಲಿತ್ತು. ಹೋಗುವ ಮೊದಲು ಒಂದು ಸಲ ನಿಜವಾದ ಲೆನ್ಸಿಗೇ ಇಡಲಿ, ಆಮೇಲೆ ನಾನು ಒದ್ದೆ ಹತ್ತಿಯಲ್ಲಿ ಹುಷಾರಾಗಿ ತೆಗೆದರಾಯಿತು ಎಂದುಕೊಂಡೆ. ಹೂವು ಸುತ್ತಿ ಮಣೆಯ ಮೇಲೆ ಕೂರಿಸಿದೆ. ಅಮ್ಮ ಈಳಿಗೆಮಣೆಗೆ ಇಟ್ಟಳು, ಹೊಲಿಗೆ ಮಷೀನಿಗೆ ಇಟ್ಟಳು, ಕತ್ತರಿಗೆ, ಸ್ಪ್ಯಾನರಿಗೆ ಇಟ್ಟಳು. ಉಂಗುರಬೆರಳಿಗೆ ಹೊಸದಾಗಿ ಕುಂಕುಮ ತೆಗೆದುಕೊಂಡು ಕ್ಯಾಮೆರಾದ ಕಡೆ ಬಗ್ಗಿದಳು. ಬೆರಳು ಗಾಳಿಯಲ್ಲೇ ನಿಂತಿತು.

“ಗಾಜೆಲ್ಲಿ?”

“ಯಾವ ಗಾಜಮ್ಮ? ಅಲ್ಲೇ ಇದ್ಯಲ್ಲ.”

“ಇದಲ್ಲ ಕಣೆ. ನೀನು ವರ್ಷಾ ವರ್ಷಾ ನಾನ್ ಸ್ನಾನಕ್ಕೆ ಹೋದಾಗ ತಿರುಗಿಸ್ತೀಯಲ್ಲ, ಆ ಗಾಜು.”

ನಾನು ಅಲ್ಲೇ ನೆಲಕ್ಕೆ ಕೂತೆ.

“ನಿಂಗೊತ್ತಿತ್ತಾ?”

“ಕೊಬ್ರಿ ಎಣ್ಣೆ ಬಾಟ್ಲಿಗೆ ಬೇರೆ ಮುಚ್ಚಳ ಹಾಕಿದ್ರೆ ನಂಗ್ ಗೊತ್ತಾಗುತ್ತೆ. ಇದು ಗೊತ್ತಾಗಲ್ವಾ?”

“ಮತ್ಯಾಕೆ ಹೇಳ್ಲಿಲ್ಲ?”

“ನೀನ್ ಹೇಳಿದ್ಯಾ?”

ನಾನು ಗುಂಡಿಗಳ ಡಬ್ಬಿಯತ್ತ ನೋಡಿದೆ. “ನಾಳೆ ಹೋಗೋದಲ್ವಾಮ್ಮ, ಇದೊಂದ್ ಸಲ ಒಳಗಿನ ಗಾಜಿಗೇ ಇಡು. ಅದೇ ತಾನೆ ದುಡಿದಿದ್ದು” ಎಂದೆ.

ಅಮ್ಮ ಇನ್ನೊಮ್ಮೆ ಬಗ್ಗಿ ಲೆನ್ಸಿನೊಳಗೆ ನೋಡಿದಳು. ತಲೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಮಾಡಿದಳು.

“ಬೇಡ. ಇದ್ರಲ್ಲಿ ಮುಖ ಕಾಣ್ಸಲ್ಲ” ಎಂದಳು.

ಎದ್ದು ಡಬ್ಬಿ ತೆಗೆದು, ಗುಂಡಿಗಳ ನಡುವಿನಿಂದ ಗಾಜನ್ನು ಹುಡುಕಿ, ಒರೆಸಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಿರುಗಿಸಿ ಕೂರಿಸಿದೆ. ಅಮ್ಮ ಮತ್ತೆ ಬಗ್ಗಿದಳು. ಈ ಸಲ ನಾನು ಅವಳ ಹೆಗಲ ಹಿಂದೆಯೇ ಇದ್ದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಿ ನಿಂತು ನೋಡಿರಲಿಲ್ಲ. ಕಪ್ಪು ಲೆನ್ಸಿನ ಮುಂದಿನ ಆ ಕಿಟಕಿ ಗಾಜಿನಲ್ಲಿ ಅಮ್ಮನ ಮುಖ, ಕಾಸಿನಷ್ಟು ಚಿಕ್ಕದು, ಕನ್ನಡಿಯಲ್ಲಿ ಕಂಡಷ್ಟೇ ಸ್ಪಷ್ಟವಾಗಿತ್ತು. ಬರಿದಾದ ಹಣೆ, ಮೂಗುಬೊಟ್ಟಿಲ್ಲದ ಮೂಗು, ಎಲ್ಲ. ಅವಳು ಉಸಿರು ಹಿಡಿದು, ಉಂಗುರಬೆರಳನ್ನು ಮೆಲ್ಲಗೆ ತಂದು, ಆ ಹಣೆಗೆ ಇಟ್ಟಳು. ನಡುವಿನಿಂದ ಒಂದಿಷ್ಟು ಮೇಲಕ್ಕೆ, ಚಿಕ್ಕದಾಗಿ, ದುಂಡಗೆ. ಒಂದು ಗಳಿಗೆ ಹಾಗೇ ನೋಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಅಕ್ಷತೆಯ ಬಟ್ಟಲಿಗೆ ಕೈ ಹಾಕಿದಳು.

ಎಂಥ ಕಸದ ಗಾಜು ಅದು ಎಂದು ನಾನು ಎಷ್ಟು ಸಲ ಬೈದುಕೊಂಡಿದ್ದೇನೆ. ಅಲ್ಲಿದ್ದ ನಾಲ್ಕರಲ್ಲಿ ಉಳಿದ ಮೂರರಲ್ಲಿ ಯಾವುದನ್ನು ತಂದಿದ್ದರೂ ಅಮ್ಮನಿಗೆ ಮುಖ ಕಾಣುತ್ತಿರಲಿಲ್ಲ.

ಆರತಿ ಆಯಿತು. ಬೂದುಗುಂಬಳ ಒಡೆಯಲು ವಾಹನ ಯಾವುದೂ ಇಲ್ಲದ್ದರಿಂದ, ಎಂದಿನಂತೆ ಹೊಸ್ತಿಲ ಹೊರಗೆ ಒಡೆದೆವು. ಚಿತ್ರಾನ್ನ ಬಡಿಸುವಾಗ ಅಮ್ಮ ಕೇಳಿದಳು:

“ನಾಳೆ ಆ ಹುಡ್ಗಿ ಎಷ್ಟೊತ್ತಿಗ್ ಬರ್ತಾಳೆ?”

“ಮಧ್ಯಾಹ್ನ ಅಂದಿದ್ದಾಳೆ. ಬೇಡ ಅಂದ್ರೆ ಫೋನ್ ಮಾಡಿ ಹೇಳ್ಬಿಡ್ತೀನಮ್ಮ.”

“ಯಾಕ್ ಬೇಡ? ದುಡಿಯೋ ವಸ್ತು, ದುಡಿಯೋರ ಕೈಗೆ ಹೋಗ್ಲಿ. ಮುಂದಿನ ದಸರೆಗೆ ಅವಳಮ್ಮ ಇಡ್ತಾಳೆ ಬೊಟ್ಟು.” ಒಂದು ತುತ್ತು ತಿಂದು, “ಆ ಗಾಜೊಂದು ಕೊಡ್ಬೇಡ” ಎಂದಳು.

“ಅವಳಿಗೂ ಬೇಡ್ವಂತೆ. ಚೀಪ್ ಅಂದ್ಲು.”

“ಒಳ್ಳೇದಾಯ್ತು” ಎಂದಳು ಅಮ್ಮ. “ಇನ್ನೊಂಚೂರು ಹಾಕ್ಕೋ.”

ಸಂಜೆ ದೀಪ ಹಚ್ಚಿದ ಮೇಲೆ ಗಾಜನ್ನು ಬಿಚ್ಚಿದೆ. ಗ್ಯಾಸ್ಕೆಟ್ಟಿನ ಸಹಾಯ ಬೇಕಾಗಲಿಲ್ಲ. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟು ಜಿಪ್ಪು ಎಳೆದೆ. ಗಾಜಿನ ಮೇಲಿನ ಬೊಟ್ಟನ್ನು ಎಂದಿನಂತೆ ಒರೆಸಲು ಹತ್ತಿ ಒದ್ದೆ ಮಾಡಿಕೊಂಡಿದ್ದವಳು, ಇದರ ಹಿಂದೆ ಈಗ ಕಾಪಾಡಬೇಕಾದ ಲೆನ್ಸೇ ಇಲ್ಲವಲ್ಲ ಎಂದು ಹೊಳೆದು, ಹತ್ತಿಯನ್ನು ಕಿಟಕಿಯಾಚೆ ಹಿಂಡಿಬಿಟ್ಟೆ. ನಮ್ಮಿಬ್ಬರ ಫೋಟೋದ ಕಟ್ಟಿನ ಕೆಳಗೆ ಒಂದು ಮೊಳೆಯಿದೆ, ಹಳೇ ಕ್ಯಾಲೆಂಡರ್ ತೂಗುತ್ತಿದ್ದದ್ದು. ಬಳೆಗೆ ದಾರ ಕಟ್ಟಿ ಅಲ್ಲಿಗೆ ತೂಗುಹಾಕಿದೆ. ಅಮ್ಮ ನೋಡಿದಳು.

ರಾತ್ರಿಗೆ ಬೇರೇನೂ ಮಾಡಲಿಲ್ಲ. ಮಧ್ಯಾಹ್ನದ ಚಿತ್ರಾನ್ನ ಸ್ವಲ್ಪ ಉಳಿದಿತ್ತು, ಅದಕ್ಕೆ ಮೊಸರು. ಆಮೇಲೆ ಸೈಕಲ್ ಅಂಗಡಿಯ ಪುರಿಯನ್ನು ತಟ್ಟೆಗೆ ಸುರಿದುಕೊಂಡು, ಬೆಲ್ಲದ ಚೂರು ಆರಿಸಿ ಆರಿಸಿ ಅಮ್ಮ ನನ್ನ ಕಡೆಗೆ ತಳ್ಳಿದಳು, ನಾನು ಅವಳ ಕಡೆಗೆ. ಮೊದಲು ನಿದ್ದೆ ಹೋದದ್ದು ಅಮ್ಮ. ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು, ಗೋಡೆಯ ಕಡೆ ತಿರುಗಿ. ಉಂಗುರಬೆರಳಿನ ತುದಿ ಇನ್ನೂ ಕೆಂಪಾಗಿತ್ತು. ಕೈ ತೊಳೆದು ಮಲಗು ಎಂದು ಹೇಳಬಹುದಿತ್ತು. ಹೇಳಲಿಲ್ಲ.